ಮೊಲ ಹುಲ್ಲು ಮೇಯುವಷ್ಟು ಸದ್ದು

ಸೆಪ್ಟೆಂಬರ್ 3, ಮಂಗಳವಾರ. ಸಂಜೆ 6:30

ಕಾಡಿನ ಎರಡೂ ಗಸ್ತು ಮುಗಿದವು. ಉತ್ತರದ ಬೇಲಿ ಸರಿ ಇದೆ. ಕುಂಟು ಜಿಂಕೆ ಕೆರೆ ದಂಡೆಯಲ್ಲಿತ್ತು, ಎಡ ಹಿಂಗಾಲು ಇನ್ನೂ ಎಳೆಯುತ್ತಿದೆ. ನನ್ನ ಬಲಗಾಲಿನ ಬೂಟು ಬಾಯಿ ಬಿಟ್ಟಿದೆ. ಇವೆಲ್ಲ ಆಫೀಸಿನ ಲಾಗ್ ಬುಕ್ಕಿಗೆ — ಬೂಟಿನದ್ದು ಬಿಟ್ಟು. ಉಳಿದದ್ದು ಇಲ್ಲಿಗೆ.

ಉಳಿದದ್ದು ಎಂದರೆ ಅಕ್ಕನ ಚೀಟಿ. ಮಧ್ಯಾಹ್ನ ಟಿಫಿನ್ ಡಬ್ಬಿ ತೆರೆದರೆ ಮುಚ್ಚಳದ ಕೆಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾಳೆ. ‘ಶುಕ್ರವಾರ ಮೂರನೇ ಪೀರಿಯಡ್. ನನ್ನ ನಾಲ್ಕನೇ ಕ್ಲಾಸು. ಪ್ರಕೃತಿ ಪಾಠ ನೀನೇ ಮಾಡಬೇಕು. ಡಿಸೆಂಬರ್ ರಜೆಯವರೆಗೆ ಪ್ರತಿ ಶುಕ್ರವಾರ. ದೊಡ್ಡ ಮೇಡಂ ಒಪ್ಪಿದ್ದಾರೆ, ಅಷ್ಟೇನೂ ಖುಷಿಯಿಂದಲ್ಲ. ಯೂನಿಫಾರ್ಮ್ ಇಸ್ತ್ರಿ ಮಾಡಿಕೋ. ಆಗಲ್ಲ ಅನ್ನಬೇಡ.’

ಅವಳ ಮನೆಯ ಹಿಂದಿನ ಕೋಣೆಯಲ್ಲಿ ಇರುವವನು ನಾನು. ಮಧ್ಯೆ ಒಂದೇ ಗೋಡೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಚೀಟಿ ಯಾಕೋ. ಈಗೀಗ ಊಟಕ್ಕೂ ಕೂಗುವುದಿಲ್ಲ, ಸೌಟಿನಿಂದ ತಟ್ಟೆ ಬಡಿಯುತ್ತಾಳೆ. ಬೈಗುಳವೂ ಕಡಿಮೆ. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡಿದ್ದೇನೆ. ಆರಾಮವಾಗಿದೆ, ಸುಳ್ಳೇಕೆ ಹೇಳಲಿ.

ಪಾಠ ಮಾತ್ರ ನನ್ನಿಂದಾಗದು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಮನುಷ್ಯರ ಜೊತೆ ಆಡಿದ ಮಾತು ಒಂದು ಚೀಲ ತುಂಬಲಿಕ್ಕಿಲ್ಲ.

ಸೆಪ್ಟೆಂಬರ್ 5, ಗುರುವಾರ. ಸಂಜೆ 7

ಆಗಲ್ಲ ಎಂದು ಹೇಳಲು ಹೋದೆ. ಅಕ್ಕ ಇಸ್ತ್ರಿ ಪೆಟ್ಟಿಗೆ ಕೈಗೆ ಕೊಟ್ಟಳು. ಮಾತು ಮುಗಿಯಿತು.

ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ ಇವತ್ತು ಕೂತು ಸಾಮಾನು ಜೋಡಿಸಿದೆ. ಕೆಳಗೆ ಬಿದ್ದು ಸಿಕ್ಕಿದ್ದ ಗೂಡು ಒಂದು. ಗೂಬೆಯ ಗರಿ ಮೂರು. ನರಿಯ ತಲೆಬುರುಡೆ, ಹಲ್ಲುಸಮೇತ. ನಾಲ್ಕು ಪುಟ ನೋಟ್ಸು.

ಭಾವ ಬಾಗಿಲಲ್ಲಿ ನಿಂತು ಸಲಹೆ ಕೊಟ್ಟರು. ಮೂವತ್ತು ವರ್ಷ ಬಸ್ ಓಡಿಸಿ ಕಿವಿಯನ್ನು ಇಂಜಿನ್ನಿಗೆ ಕೊಟ್ಟು ಬಂದವರು. ಅವರ ಗುಟ್ಟಿನ ಮಾತು ಬೀದಿ ತುದಿಗೆ ಕೇಳಿಸುತ್ತದೆ. ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದು ಅಕ್ಕ ಹತ್ತು ವರ್ಷದಿಂದ ಗೋಗರೆಯುತ್ತಿದ್ದಾಳೆ. ತನ್ನ ಕಿವಿ ಸರಿಯಾಗಿಯೇ ಇದೆ, ಜನ ಮೆತ್ತಗೆ ಮಾತಾಡುವುದು ಕಲಿತುಬಿಟ್ಟಿದ್ದಾರೆ ಎಂಬುದು ಅವರ ವಾದ. ಮಕ್ಕಳ ಮುಂದೆ ಗಂಟಲು ಬಿಚ್ಚಿ ಮಾತಾಡಬೇಕಂತೆ. ಎದುರುಮನೆಯ ನಾಯಿಯೂ ಅದನ್ನು ಕೇಳಿ ಎದ್ದು ಕೂತಿತು.

ಸೆಪ್ಟೆಂಬರ್ 6, ಶುಕ್ರವಾರ. ಮಧ್ಯಾಹ್ನ 1

ಮಾನ ಹೋಯಿತು.

ನಲವತ್ತೊಂದು ಮಕ್ಕಳು. ನೋಟ್ಸಿನ ಮೊದಲ ಪುಟ ಓದಿದೆ. ಯಾರಿಗೂ ಕೇಳಿಸಲಿಲ್ಲ. ಕಾಡಿನಲ್ಲಿ ದನಿ ಎತ್ತುವ ಹಾಗಿಲ್ಲ, ಎತ್ತಿದರೆ ನೋಡಲು ಹೋದದ್ದು ಓಡಿಹೋಗುತ್ತದೆ. ಅದೇ ಅಭ್ಯಾಸ ಗಂಟಲಲ್ಲಿ ಕೂತಿದೆ. ಹಿಂದಿನ ಬೆಂಚಿನ ಒಬ್ಬ, ಕಿವಿ ಅಗಲವಿರುವ ಹುಡುಗ, ‘ಸಾರ್, ವಾಲ್ಯೂಮ್ ಸ್ವಲ್ಪ’ ಎಂದ. ಎತ್ತಿದೆ. ಕೆಮ್ಮು ಬಂತು. ಕ್ಲಾಸೆಲ್ಲ ಕೆಮ್ಮಿತು.

ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಒಂದು ಹುಡುಗಿ. ಅವಳಿಗೆ ‘ಪ್ರಶ್ನೆ’ ಎಂದು ಹೆಸರಿಟ್ಟಿದ್ದೇನೆ. ಗೂಬೆ ನಿದ್ದೆಯಲ್ಲಿ ಬೀಳುವುದಿಲ್ಲವೇ, ನರಿಗೆ ಅಜ್ಜಿ ಇರುತ್ತಾಳೆಯೇ, ನಿಮ್ಮ ಬೂಟಿಗೆ ಏನಾಯಿತು. ಒಂದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇನ್ನೆರಡು. ಅಷ್ಟರಲ್ಲಿ ತಲೆಬುರುಡೆ ಕೈಯಿಂದ ಕೈಗೆ ಹೋಗಿ ಒಂದು ಹಲ್ಲು ಕಡಿಮೆಯಾಗಿ ವಾಪಸ್ ಬಂತು.

ದೊಡ್ಡ ಮೇಡಂ ಕಾರಿಡಾರಿನಲ್ಲಿ ಎರಡು ಸಲ ಹಾದುಹೋದರು. ಎರಡನೇ ಸಲ ನಿಂತರು. ಗಾಜಿನಾಚೆ ಅವರ ಕನ್ನಡಕ ಮಾತ್ರ ಕಾಣಿಸಿತು.

ಅಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳ ಒಂದು ಗದರಿಕೆಗೆ ಇಡೀ ಸ್ಕೂಲು ತಣ್ಣಗಾಗುತ್ತಿದ್ದ ಕಾಲವಿತ್ತು. ಇವತ್ತು ಮೇಜಿನ ಮೇಲೆ ಡಸ್ಟರ್ ಬಡಿದಳು, ಅಷ್ಟೇ. ತಮ್ಮನ ಫಜೀತಿ ನೋಡಿ ಮಜಾ ತೆಗೆದುಕೊಳ್ಳುತ್ತಿದ್ದಾಳೆ ಎಂದು ಸಿಟ್ಟು ಬಂತು. ಮುಂದಿನ ವಾರ ಹೋಗುವುದಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ. ಮಧ್ಯಾಹ್ನ 1:15

ಹೋದೆ. ಮತ್ತದೇ ಕಥೆ. ನರಿಯ ಹಲ್ಲು ಪ್ರಶ್ನೆಯ ಕಂಪಾಸ್ ಬಾಕ್ಸಿನಲ್ಲಿ ಸಿಕ್ಕಿತು. ತನ್ನದೂ ಒಂದು ಬಿದ್ದಿತ್ತಂತೆ, ಹೋಲಿಸಿ ನೋಡುತ್ತಿದ್ದಳಂತೆ. ಬೈಯಲು ಬಾಯಿ ಬರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ. ಸಂಜೆ 6

ಇವತ್ತಿನದು ಬರೆಯಲು ಕೈ ಬರುತ್ತಿಲ್ಲ. ಆದರೂ.

ಅಕ್ಕ ಕನ್ನಡಕ ಮರೆತು ಹೋಗಿದ್ದಳು. ಕೊಡೋಣ ಎಂದು ಗಸ್ತಿನ ನಡುವೆ ಸ್ಕೂಲಿಗೆ ಹೋದೆ. ಅವಳ ಕ್ಲಾಸಿನ ಕಿಟಕಿಯ ಹತ್ತಿರ ಬಂದರೆ ಒಳಗೆ ಮಾರ್ಕೆಟ್ಟಿನ ಗದ್ದಲ. ಟೀಚರ್ ಇಲ್ಲವೇನೋ ಎಂದು ಇಣುಕಿದೆ. ಇದ್ದಳು. ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದಳು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ದನಿ ಇಲ್ಲ. ನೆಲಕ್ಕೆ ಬಿದ್ದ ಮರಿಹಕ್ಕಿ ಬಾಯಿ ತೆರೆದ ಹಾಗೆ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ‘ದಯವಿಟ್ಟು ಸುಮ್ಮನಿರಿ’ ಎಂದು ಬರೆದಳು. ನನ್ನ ಅಕ್ಕ. ದಯವಿಟ್ಟು.

ಕುಂಟು ಜಿಂಕೆಯ ಎಡ ಹಿಂಗಾಲು ನನಗೆ ಅರ್ಧ ಮೈಲಿಯಿಂದ ಗೊತ್ತಾಗುತ್ತದೆ. ಗೋಡೆಯಾಚೆಯ ಅಕ್ಕನ ಗಂಟಲು ಎಂಟು ತಿಂಗಳಿಂದ ಗೊತ್ತಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ನಾನೇ. ಬೈಗುಳ ನಿಂತದ್ದಕ್ಕೆ ಆರಾಮ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ, ಇರಲಿ, ನನಗೆ ಬುದ್ಧಿ ಬರಲಿ.

ಸಂಜೆ ಅವಳ ಜೊತೆ ನಡೆದುಕೊಂಡೇ ಬಂದೆ. ಪಿಸುದನಿಯಲ್ಲಿ ತುಂಡುತುಂಡಾಗಿ ಹೇಳಿದಳು. ಎಂಟು ತಿಂಗಳಿಂದ ಸ್ವರತಂತುವಿನ ಮೇಲೆ ಗಂಟು. ಕೆಟ್ಟ ಗಂಟಲ್ಲವಂತೆ, ಆದರೆ ತೆಗೆಯಲೇಬೇಕಂತೆ. ತೆಗೆದ ಮೇಲೂ ಹಳೆಯ ದನಿ ಬರುವುದಿಲ್ಲ, ಸಣ್ಣಗೆ ಬರುತ್ತದೆ ಎಂದಿದ್ದಾರೆ ಡಾಕ್ಟರು. ದೊಡ್ಡ ಮೇಡಂಗೂ ಗೊತ್ತು. ಕ್ಲಾಸು ಹಿಡಿತಕ್ಕೆ ಬರದಿದ್ದರೆ ಮೇಲಿನ ಪುಸ್ತಕದ ಕೋಣೆಗೆ ಹಾಕುವುದಾಗಿ ಹೇಳಿದ್ದಾರೆ. ರಿಟೈರ್ ಆಗಲು ಇನ್ನೂ ಮೂರು ವರ್ಷ. ಮೂರು ವರ್ಷ ಮಕ್ಕಳಿಲ್ಲದ ಕೋಣೆಯಲ್ಲಿ ಕೂತು ರಟ್ಟು ಅಂಟಿಸುವುದು. ನನ್ನನ್ನು ಕರೆದದ್ದೂ ಅದಕ್ಕೇ. ವಾರಕ್ಕೊಂದು ಪೀರಿಯಡ್ ಗಂಟಲಿಗೆ ರಜೆ.

ಭಾವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳ್ಬೇಕಂದ್ರೆ ಕೂಗ್ಬೇಕಲ್ಲೋ” ಎಂದಳು. “ಕೂಗೋಕಾಗಲ್ಲ ಅಂತ ಕೂಗೋದು ಹೇಗೆ?”

ನಗು ಬಂತು ಇಬ್ಬರಿಗೂ. ಅವಳ ನಗುವಿಗೂ ಸದ್ದಿರಲಿಲ್ಲ. ಮನೆಯವರೆಗೂ ಅವಳ ಚೀಲ ನಾನೇ ಹಿಡಿದುಕೊಂಡೆ.

ಸೆಪ್ಟೆಂಬರ್ 20, ಶುಕ್ರವಾರ. ಮಧ್ಯಾಹ್ನ 1

ನೋಟ್ಸು ಒಲೆಗೆ ಹಾಕಿ ಹೋದೆ. ಕೂಗಲು ಬರದವನು ಕೂಗಬಾರದು. ಬರುವುದನ್ನೇ ಮಾಡಿದೆ.

ಗಸ್ತಿನಲ್ಲಿ ನಮ್ಮದು ಕೈಮಾತು. ಅಂಗೈ ಎತ್ತಿದರೆ ನಿಲ್ಲು. ಎರಡು ಬೆರಳು ಕಿವಿಗಿಟ್ಟರೆ ಕೇಳು. ಮಾತಾಡಲೇಬೇಕಾದರೆ ಒಂದೇ ನಿಯಮ — ಯಾವ ಪ್ರಾಣಿಯ ಬಗ್ಗೆ ಮಾತಾಡುತ್ತಿದ್ದೇವೋ ಅದಕ್ಕೆ ಕೇಳಿಸಬಾರದು. ಇದನ್ನೇ ಬೋರ್ಡಿನ ಮೇಲೆ ಬರೆದೆ. ಕಿಟಕಿ ತೆರೆದೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಮರಕುಟಿಗ ಬಂದು ಕೂತಿದೆ ಎಂದುಕೊಳ್ಳಿ, ಇವತ್ತು ಅದರ ಪಾಠ, ಗದ್ದಲವಾದರೆ ಹಾರಿಹೋಗುತ್ತದೆ, ಹೋದರೆ ಪಾಠ ಮುಗಿಯಿತು ಎಂದೆ.

ಒಂದೂವರೆ ನಿಮಿಷಕ್ಕೆ ಹಾರಿಹೋಯಿತು. ಹಿಂದಿನ ಬೆಂಚಿನ ಅಗಲಕಿವಿ ಪಕ್ಕದವನಿಗೆ ತಿವಿದು ‘ಎಲ್ಲೋ ಇದೆ?’ ಎಂದು ಕಿರುಚಿದ. ನಾನು ಟೋಪಿ ಹಾಕಿಕೊಂಡು ಬಾಗಿಲಿಗೆ ನಡೆದೆ. ನಲವತ್ತು ಜನ ಅಗಲಕಿವಿಯ ಮೇಲೆ ಮುಗಿಬಿದ್ದರು. ಪಾಪ, ಅವನ ಕಣ್ಣಲ್ಲಿ ನೀರು. ನಿಜವಾಗಿ ಹಕ್ಕಿ ಓಡಿಸಿದವನ ಹಾಗೆ. ವಾಪಸ್ ಬಂದೆ. ಹಕ್ಕಿಯೂ ಬಂತು.

ಎರಡನೇ ಸಲ ಆರು ನಿಮಿಷ. ಅದರ ನಾಲಿಗೆ ತಲೆಬುರುಡೆಯ ಸುತ್ತ ಸುತ್ತಿಕೊಂಡಿರುತ್ತದೆ ಎಂದು ಹೇಳಿದೆ. ನನ್ನ ದನಿಯಲ್ಲಿ. ಕೊನೆಯ ಬೆಂಚಿನವರು ಬಾಯಿ ತೆರೆದು ತಮ್ಮ ತಮ್ಮ ನಾಲಿಗೆ ಮುಟ್ಟಿ ನೋಡಿಕೊಂಡರು.

ಕೇಳಿಸಿತು ಎಂದಾಯಿತು. ಹಾಲು ಕುಡಿದಷ್ಟು ಸಂತೋಷ.

ಅಕ್ಟೋಬರ್ 18, ಶುಕ್ರವಾರ. ಮಧ್ಯಾಹ್ನ 1:30

ತಿಂಗಳಾಯಿತು ಇದನ್ನು ಮುಟ್ಟಿ. ಸೆಪ್ಟೆಂಬರ್ ಕೊನೆಗೆ ಗೂಬೆ ಬೀರುವಿನ ತಲೆ ಮೇಲೆ ಬಂದು ಕೂತಿತ್ತು. ಆಮೇಲೆ ಡಸ್ಟರಿನ ಪೆಟ್ಟಿಗೆಯ ಹಿಂದೆ ಮುಳ್ಳುಹಂದಿ. ಹೋದ ವಾರ ನರಿ, ಅಕ್ಕನ ಮೇಜಿನ ಕೆಳಗೆ. ಅವಳು ಪೀರಿಯಡ್ ಪೂರ್ತಿ ಕಾಲು ಮೇಲೆತ್ತಿಕೊಂಡು ಕೂತಿದ್ದಳು, ಮಕ್ಕಳಿಗೋಸ್ಕರ. ಅಕ್ಕನ ಮೇಲೆ ನನಗೆ ಪ್ರೀತಿ ಇದ್ದದ್ದು ಗೊತ್ತಿತ್ತು, ಇಷ್ಟು ಇತ್ತು ಎಂದು ಗೊತ್ತಿರಲಿಲ್ಲ.

ಇವತ್ತು ಮೊಲ. ಮೊದಲನೇ ಬೆಂಚಿನ ಮುಂದೆ ಹುಲ್ಲು ಮೇಯುತ್ತಿತ್ತು. ಮೊಲ ಹುಲ್ಲು ಮೇಯುವ ಸದ್ದು ಹೇಗಿರುತ್ತದೆಂದು ಎರಡು ಜಡೆಯ ಪ್ರಶ್ನೆ ಕೇಳಿದಳು — ಬಾಯಲ್ಲಲ್ಲ, ಕೈಯಲ್ಲಿ. ಬೀದಿ ಬದಿಯ ಹುಲ್ಲು ಕಿತ್ತು ತಂದಿದ್ದೆ, ಎರಡು ಬೆರಳಲ್ಲಿ ಚಿವುಟಿ ತೋರಿಸಿದೆ. ಟಿಕ್. ಟಿಕ್. ಕೇಳಿಸಿದವರು ಕೈ ಎತ್ತಿ ಎಂದೆ. ಮೊದಲು ಹದಿನಾಲ್ಕು ಕೈ. ಐದನೇ ಸಲಕ್ಕೆ ಮೂವತ್ತೆಂಟು. ಮಿಕ್ಕ ಮೂವರಿಗೆ ನೆಗಡಿ.

ಆಗಲೇ ಬಾಗಿಲು ದಡಾರೆಂದು ತೆರೆಯಿತು. ದೊಡ್ಡ ಮೇಡಂ. ಸದ್ದೇ ಇಲ್ಲದ್ದು ಕೇಳಿ ಮಕ್ಕಳನ್ನು ಹೇಳದೆ ಕೇಳದೆ ಹೊರಗೆ ಕರೆದೊಯ್ದಿದ್ದಾನೆ ಎಂದುಕೊಂಡಿದ್ದರು. ಒಳಗೆ ನಲವತ್ತೊಂದು ಜನ ಉಸಿರು ಬಿಗಿಹಿಡಿದು ಕೂತಿದ್ದು ನೋಡಿ ಅವರಿಗೇ ಹೆದರಿಕೆಯಾಯಿತು. ಮೊಲ ಹೋಯಿತು ಎಂದು ಮಕ್ಕಳೆಲ್ಲ ನಿಟ್ಟುಸಿರು ಬಿಟ್ಟರು.

ಆಫೀಸಿಗೆ ಕರೆಸಿದರು. ಕೆಟ್ಟವರಲ್ಲ, ಮುಖಕ್ಕೆ ಹೊಡೆದಂತೆ ಮಾತಾಡುವವರು. ಆಟ ಚೆನ್ನಾಗಿದೆ, ಯೂನಿಫಾರ್ಮ್ ನೋಡಿ ಕೂತಿದ್ದಾರೆ, ಆದರೆ ಯೂನಿಫಾರ್ಮ್ ವಾರಕ್ಕೊಂದು ದಿನ ಬರುತ್ತದೆ, ಲೆಕ್ಕದ ಪಾಠ ದಿನಾ ಇರುತ್ತದೆ ಎಂದರು. ಅಕ್ಕ ಆಪರೇಷನ್ ಮುಗಿಸಿ ಬಂದ ದಿನ ತಾವೇ ಕೊನೆಯ ಬೆಂಚಿನಲ್ಲಿ ಕೂರುತ್ತಾರಂತೆ. ಅಲ್ಲಿಗೆ ಕೇಳಿಸಿದರೆ ಕ್ಲಾಸು, ಇಲ್ಲದಿದ್ದರೆ ಪುಸ್ತಕದ ಕೋಣೆ. ನ್ಯಾಯವಾದ ಮಾತು.

ಅಕ್ಟೋಬರ್ 22, ಮಂಗಳವಾರ. ಸಂಜೆ 7

ಭಾವನಿಗೆ ಹೇಳಿದೆವು. ಅಕ್ಕ ಚೀಟಿಯಲ್ಲಿ ಬರೆದಳು, ನಾನು ಕೊಟ್ಟೆ. ಕನ್ನಡಕ ಹಾಕಿ ಎರಡು ಸಲ ಓದಿದರು. ಮಡಿಚಿ ಅಂಗಿ ಜೇಬಿಗೆ ಹಾಕಿದರು. ಆಮೇಲೆ ಆ ಮನುಷ್ಯ ಪಿಸುಗುಟ್ಟಿದರು. ಅವರಿಗೆ ಅದು ಬರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ.

“ಹಗಲೆಲ್ಲ ನಲವತ್ತು ಮಕ್ಕಳಿಗೆ ಕೂಗಿದ್ಲು. ಮನೆಗೆ ಬಂದು ನಂಗೆ ಕೂಗಿದ್ಲು. ನಾನೇ ತಿಂದ್ಹಾಕಿದೆ ಕಣೋ ಅವಳ ದನೀನ.”

ಅಕ್ಕ ಅವರ ಭುಜಕ್ಕೆ ಒಂದು ಏಟು ಕೊಟ್ಟಳು, ಸುಮ್ಮನಿರಿ ಎಂಬಂತೆ. ನಾನು ಎದ್ದು ಅಡಿಗೆಮನೆಗೆ ಹೋಗಿ ಸುಮ್ಮನೆ ಲೋಟ ತೊಳೆದೆ. ತೊಳೆದದ್ದನ್ನೇ ತೊಳೆದೆ.

ಅಕ್ಟೋಬರ್ 24, ಗುರುವಾರ. ಬೆಳಿಗ್ಗೆ 6

ಭಾವ ಕಿವಿ ಮಿಷನ್‌ಗೆ ಅಳತೆ ಕೊಟ್ಟು ಬಂದಿದ್ದಾರೆ. ಯಾರಿಗೂ ಹೇಳಬೇಡ ಎಂದು ಇಡೀ ಬೀದಿಗೆ ಕೇಳಿಸುವಂತೆ ಹೇಳಿದರು.

ನವೆಂಬರ್ 5, ಮಂಗಳವಾರ. ಸಂಜೆ 5

ಆಯಿತು. ಚೆನ್ನಾಗಿದ್ದಾಳೆ. ತೆಗೆದ ಗಂಟು ಕಡಲೆಕಾಳಿನಷ್ಟಿತ್ತಂತೆ. ಅಷ್ಟಕ್ಕೆ ಇಷ್ಟು.

ಹದಿನೈದು ದಿನ ಒಂದು ಅಕ್ಷರ ಆಡಬಾರದು. ಕೆಮ್ಮಬಾರದು. ನಗಿಸಬಾರದು. ಕೊನೆಯದಕ್ಕೆ ಡಾಕ್ಟರು ಭಾವನ ಕಡೆ ನೋಡಿ ಹೇಳಿದರು.

ನವೆಂಬರ್ 10, ಭಾನುವಾರ. ಬೆಳಿಗ್ಗೆ 9

ಸ್ಲೇಟು ತಂದುಕೊಟ್ಟದ್ದು ನನ್ನ ತಪ್ಪು. ಹತ್ತು ತಿಂಗಳ ಬಾಕಿ ಬೈಗುಳವೆಲ್ಲ ಅದರ ಮೇಲೆ ಬರುತ್ತಿದೆ. ‘ಟವೆಲ್ ಎಲ್ಲೆಂದರಲ್ಲಿ ಎಸೆಯಬೇಡ.’ ‘ಬೂಟು ಹೊಲಿಸು, ಮಕ್ಕಳು ನೋಡಿ ನಗುತ್ತಾರೆ.’ ‘ನಲವತ್ತಾರು ವರ್ಷ, ಮೊಸರಿನ ಪಾತ್ರೆ ಮುಚ್ಚಲು ಬರುವುದಿಲ್ಲ.’ ತಪ್ಪಿಲ್ಲದ ದುಂಡಕ್ಷರ. ಓದಿ ಒರೆಸಿಕೊಟ್ಟೆ. ಮತ್ತೆ ಬರೆದಳು. ಎಷ್ಟು ದಿನವಾಗಿತ್ತು.

ನವೆಂಬರ್ 15, ಶುಕ್ರವಾರ. ಮಧ್ಯಾಹ್ನ 1

ಅಕ್ಕನ ಬದಲಿಗೆ ಬಂದಿರುವ ಟೀಚರಿಗೆ ಒಳ್ಳೆಯ ಗಂಟಲಿದೆ. ನಾನು ಒಳಗೆ ಹೋಗುವಾಗ ಕೂಗುತ್ತಿದ್ದರು, ಮಕ್ಕಳೂ ಕೂಗುತ್ತಿದ್ದರು. ದೊಡ್ಡ ಮೇಡಂ ಹೇಳಿದ್ದೇ ಸರಿ ಇರಬಹುದು. ನಾನು ಹೋದಾಗ ಮಾತ್ರ ಕಾಡು, ಉಳಿದ ನಾಲ್ಕು ದಿನ ಮಾರ್ಕೆಟ್ಟು.

ಇವತ್ತು ಯಾವ ಪ್ರಾಣಿಯನ್ನೂ ಕರೆದುಕೊಂಡು ಹೋಗಿರಲಿಲ್ಲ. ಮಕ್ಕಳು ಅಕ್ಕನ ಬಗ್ಗೆ ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಇದ್ದದ್ದು ಹೇಳಿದೆ. ಗಂಟಲಲ್ಲಿ ಗಂಟಿತ್ತು, ತೆಗೆದಿದ್ದಾರೆ, ಡಿಸೆಂಬರ್ ಎರಡಕ್ಕೆ ಬರುತ್ತಾರೆ, ದನಿ ಮಾತ್ರ ಮೊದಲಿನ ಹಾಗೆ ಇರುವುದಿಲ್ಲ. ಪುಸ್ತಕದ ಕೋಣೆಯ ವಿಷಯ ಹೇಳಲಿಲ್ಲ. ಮಕ್ಕಳ ತಲೆ ಮೇಲೆ ಅದನ್ನು ಹೊರಿಸಬಾರದು.

ಪ್ರಶ್ನೆ ಕೈ ಎತ್ತಿದಳು.

“ಯಾವ ಪ್ರಾಣಿಯಷ್ಟು ಇರುತ್ತೆ ಸಾರ್, ದನಿ?”

ಯೋಚಿಸಿದೆ. ಗೊತ್ತಿಲ್ಲ, ನಾನೂ ಇನ್ನೂ ಕೇಳಿಲ್ಲ. ಮೊಲ ಹುಲ್ಲು ಮೇಯುವಷ್ಟು ಇರಬಹುದು ಎಂದೆ.

ಹಿಂದಿನ ಬೆಂಚಿನಿಂದ ಅಗಲಕಿವಿ ಎದ್ದು ನಿಂತ. “ಅಷ್ಟು ನಮ್ಗೆ ಕೇಳ್ಸುತ್ತೆ ಸಾರ್” ಎಂದ.

ಕಿಟಕಿ ಸರಿಪಡಿಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತೆ.

ನವೆಂಬರ್ 21, ಗುರುವಾರ. ಬೆಳಿಗ್ಗೆ 7

ಮಾತಾಡಿದಳು. ಮೊದಲ ಮಾತು ಭಾವನಿಗೆ — ಚಹಾ ಆರಿಹೋಗುತ್ತಿದೆ ಎಂದು. ಸಣ್ಣ ದನಿ, ಸ್ವಲ್ಪ ಒರಟು, ಅಂಚು ಹರಿದ ಕಾಗದದ ಹಾಗೆ. ಆದರೆ ಅವಳದೇ. ಭಾವ ಮಿಷನ್ ತಿರುಗಿಸಿಕೊಂಡು ಇನ್ನೊಂದು ಸಲ ಹೇಳು ಎಂದರು. ಹೇಳಿದಳು. ಇನ್ನೊಂದು ಸಲ ಎಂದರು. ಬೈದಳು. ಚಹಾ ನಿಜವಾಗಿಯೂ ಆರಿಹೋಯಿತು.

ಡಿಸೆಂಬರ್ 1, ಭಾನುವಾರ. ಸಂಜೆ 6

ನಾಳೆ. ಅಕ್ಕ ಮೂರು ಸೀರೆ ತೆಗೆದಿಟ್ಟು ಮೂರನ್ನೂ ಒಳಗಿಟ್ಟಳು. ಹೆದರಿದ್ದಾಳೆ. ಅವಳು ಹೆದರಿದ್ದನ್ನು ನಾನು ನೋಡಿರುವುದು ಇದೇ ಮೊದಲು. ಅಮ್ಮ ಹೋದಾಗ ಅವಳಿಗೆ ಹತ್ತೊಂಬತ್ತು, ನನಗೆ ಎಂಟು. ಆಗಲೂ ಹೆದರಲಿಲ್ಲ, ಅಥವಾ ನನಗೆ ಕಾಣಿಸಲಿಲ್ಲ.

ಜೊತೆಗೆ ಬರಲೇ ಎಂದು ಕೇಳಿದೆ. ಬೇಡ ಎಂದಳು. “ನೀನಿದ್ರೆ ನಿಂಗೋಸ್ಕರ ಸುಮ್ನಿರ್ತಾರೆ. ಅದು ನಂಗೆ ಬೇಡ.” ಸರಿಯೇ.

ಡಿಸೆಂಬರ್ 2, ಸೋಮವಾರ. ಸಂಜೆ 7

ಅರ್ಧ ದಿನ ರಜೆ ಹಾಕಿದೆ. ಆರು ವರ್ಷದಲ್ಲಿ ಮೊದಲನೆಯದು. ಲಾಗ್ ಬುಕ್ಕಿನಲ್ಲಿ ‘ಸ್ವಂತ ಕೆಲಸ’ ಎಂದು ಬರೆದೆ. ಬೇಡ ಎಂದಿದ್ದಳು ನಿಜ, ಆದರೆ ನಾವು ನೋಡುತ್ತಿರುವ ಪ್ರಾಣಿಗೆ ಕಾಣಿಸದ ಹಾಗೆ ನಿಲ್ಲುವುದು ನನ್ನ ಕೆಲಸವಲ್ಲವೇ. ಕ್ಲಾಸಿನ ಹಿಂದಿನ ಮರದ ಮರೆ, ಗಾಳಿ ನನ್ನತ್ತ ಬೀಸುವ ಕಡೆ. ಹೊಲಿಸಿದ ಬೂಟು ಕಿರ್ರೆನ್ನುತ್ತದೆ, ಬಿಚ್ಚಿಟ್ಟು ನಿಂತೆ.

ದೊಡ್ಡ ಮೇಡಂ ಆಗಲೇ ಕೊನೆಯ ಬೆಂಚಿನಲ್ಲಿ, ಅಗಲಕಿವಿಯ ಪಕ್ಕ, ಮಂಡಿ ಮೇಲೆ ಫೈಲು. ಅಕ್ಕ ಇನ್ನೂ ಬಂದಿರಲಿಲ್ಲ. ಮಕ್ಕಳು ಗಲಾಟೆ ಮಾಡುತ್ತಿದ್ದರು — ದೊಡ್ಡ ಮೇಡಂ ಅಲ್ಲೇ ಇದ್ದರೂ.

ಅಕ್ಕ ಬಂದಳು. ಡಸ್ಟರಿಗೆ ಕೈ ಹಾಕಲಿಲ್ಲ. ನನ್ನ ಹಾಗೆ ಅಂಗೈಯನ್ನೂ ಎತ್ತಲಿಲ್ಲ. ಸುಮ್ಮನೆ ನಿಂತಳು.

ಪ್ರಶ್ನೆ ಎರಡು ಬೆರಳು ಕಿವಿಗಿಟ್ಟಳು. ಪಕ್ಕದವಳು ಇಟ್ಟಳು. ಬೆಂಚಿನಿಂದ ಬೆಂಚಿಗೆ ಹೋಯಿತು ಅದು, ಯಾರೂ ತಿರುಗಿ ನೋಡದೆ. ಇಡೀ ಕ್ಲಾಸು ತಣ್ಣಗಾಯಿತು. ಉಳಿದ ಸದ್ದು ಒಂದೇ, ದೊಡ್ಡ ಮೇಡಂ ಫೈಲಿನ ಹಾಳೆ ತಿರುಗಿಸುವುದು. ಅಗಲಕಿವಿ ಆಕೆಯ ಮುಖದ ಮುಂದೆ ಅಂಗೈ ಎತ್ತಿದ. ನಿಲ್ಲು. ಆಕೆಯ ಕೈ ನಿಂತಿತು. ಫೈಲು ಮುಚ್ಚಿದರು.

ಅಕ್ಕ ಮಾತಾಡಿದಳು. ಭಾಗಾಕಾರ. ಇಪ್ಪತ್ತೆಂಟನ್ನು ನಾಲ್ಕರಿಂದ ಭಾಗಿಸಿ ಎಂದಳು, ಮನೆಯಲ್ಲಿ ಚಹಾದ ವಿಷಯ ಹೇಳಿದಷ್ಟೇ ದನಿಯಲ್ಲಿ. ನನಗೆ ಮರದ ಹಿಂದೆ ಕೇಳಿಸಿತು. ಕೊನೆಯ ಬೆಂಚಿನಿಂದ ಅಗಲಕಿವಿ ‘ಏಳು’ ಎಂದ, ಪಿಸುದನಿಯಲ್ಲಿ. ಅದೂ ಕೇಳಿಸಿತು. ಲೆಕ್ಕದ ಪಾಠ ಕೇಳಿ ಅತ್ತವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಪೀರಿಯಡ್ ಮುಗಿದ ಮೇಲೆ ದೊಡ್ಡ ಮೇಡಂ ಅಕ್ಕನ ಹತ್ತಿರ ಬಂದು ಏನೋ ಹೇಳಿದರು. ಅವರೂ ಪಿಸುದನಿಯಲ್ಲೇ ಹೇಳಿದ್ದರಿಂದ ನನಗೆ ಕೇಳಿಸಲಿಲ್ಲ. ಅಕ್ಕನ ಮುಖ ಕಾಣಿಸಿತು, ಅಷ್ಟು ಸಾಕು. ಸಂಜೆ ಗೊತ್ತಾಯಿತು — ಪುಸ್ತಕದ ಕೋಣೆಗೆ ಬೇರೆ ಯಾರನ್ನಾದರೂ ಹುಡುಕುತ್ತಾರಂತೆ. ಮತ್ತೆ ನನಗೆ ಮುಂದಿನ ವರ್ಷ ಐದನೇ ಕ್ಲಾಸೂ ಇದೆಯಂತೆ.

ಮರದ ಹಿಂದೆ ನಿಂತಿದ್ದು ಅಕ್ಕನಿಗೆ ಹೇಳಿಲ್ಲ. ಆದರೆ ಮನೆಗೆ ಬಂದವಳೇ ನನ್ನ ಸಾಕ್ಸು ನೋಡಿ, ಮಣ್ಣು ಹೇಗಾಯಿತು ಎಂದು ಕೇಳಿದಳು. ರೇಂಜರ್ ಅವಳೇ ಆಗಬೇಕಿತ್ತು.

ಶುಕ್ರವಾರಕ್ಕೆ ಯಾವ ಪ್ರಾಣಿ ಎಂದು ಇನ್ನೂ ಯೋಚಿಸಿಲ್ಲ. ನೀರುನಾಯಿ ಆಗಬಹುದು, ಆದರೆ ಕ್ಲಾಸಿನಲ್ಲಿ ನೀರೆಲ್ಲಿ… ಬಕೆಟ್ಟು ಇಟ್ಟರೆ—

ಭಾವ ಬಾಗಿಲು ತಟ್ಟುತ್ತಿದ್ದಾರೆ. “ಬಾರೋ, ಊಟಕ್ಕೆ ಕರೀತಿದ್ದಾಳೆ, ಕೇಳಿಸ್ಲಿಲ್ವಾ ನಿಂಗೆ?”

ತಟ್ಟೆಯ ಸದ್ದು ಬಂದಿಲ್ಲ. ಅಂದರೆ ದನಿಯಲ್ಲೇ ಕರೆದಿದ್ದಾಳೆ. ಗೋಡೆಯಾಚೆಯಿಂದ. ಭಾವನಿಗೆ ಕೇಳಿಸಿದೆ, ನನಗೆ— ತಡೆ, ಇನ್ನೊಂದು ಸಲ ಕರೆಯಲಿ, ಪೆನ್ನು ಸದ್ದು ಮಾಡುತ್ತಿದೆ, ಕೆಳಗಿಡುತ್ತೇ—